ಪಕ್ಕದಲ್ಲಿ ಮಲಗಿದವಳ ನಿದ್ದೆ

ಮೇಸ್ತ್ರಿ ಒಂದು ಕಾಲದಲ್ಲಿ ನಿದ್ದೆಗೇ ಹೆಸರಾಗಿದ್ದವನು. ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆಯುವುದು ಅವನ ಕೆಲಸ. ಊಟದ ಬಿಡುವಿನಲ್ಲಿ, ಪಕ್ಕದ ಶೆಡ್ಡಿನ ಪ್ರೆಸ್ಸು ನೆಲ ನಡುಗುವಂತೆ ಬಡಿಯುತ್ತಿದ್ದರೂ, ರಟ್ಟಿನ ತುಂಡೊಂದನ್ನು ಹಾಸಿಕೊಂಡು ಬಿದ್ದನೆಂದರೆ ಮರುಕ್ಷಣವೇ ಗೊರಕೆ. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೊಡೆದು, ಇಳಿಯಬೇಕಾದ ಸ್ಟಾಪು ದಾಟಿ, ಕೊನೆಯ ಸ್ಟಾಪಿನಲ್ಲಿ ಕಂಡಕ್ಟರನ ಕೈಲಿ ಬೈಸಿಕೊಂಡು ನಡೆದು ಬಂದ ದಿನಗಳಿಗೆ ಲೆಕ್ಕವಿಲ್ಲ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದು ಜೊತೆಯವರು ಗೇಲಿ ಮಾಡಿದರೆ, "ಚಿಂತೆ ಇದೆ ಕಣ್ರಪ್ಪಾ, ಅದೂ ನನ್ನ ಪಕ್ಕದಲ್ಲೇ ಮಲಗಿದೆ, ಗಲಾಟೆ ಮಾಡಿ ಎಬ್ಬಿಸಬೇಡಿ" ಅನ್ನುತ್ತಿದ್ದ.

ಚಿಂತೆಗಳೆಲ್ಲ ಒಂದೊಂದಾಗಿ ತೀರಿದ ಮೇಲೆ ನಿದ್ದೆ ಕೈಕೊಟ್ಟಿತು. ಮಗಳ ಮದುವೆಯಾಯಿತು, ಎರಡು ಕೋಣೆಯ ಸ್ವಂತ ಮನೆಯಾಯಿತು, ಕೆಲಸದಿಂದ ನಿವೃತ್ತಿಯಾಯಿತು. ಇನ್ನು ಕಾಲು ಚಾಚಿ ಮಲಗಬಹುದು ಎನ್ನುವಷ್ಟರಲ್ಲಿ, ಮಲಗಿದರೆ ನಿದ್ದೆಯೇ ಬಾರದು. ಬಂದರೂ ಬಾಗಿಲ ಬಳಿ ಇಣುಕಿ ನೋಡಿ ಹೋದ ನೆಂಟರ ಹಾಗೆ. ಸಂಜೆ ಚಹಾ ಬಿಟ್ಟ. ಬಿಸಿ ಹಾಲು ಕುಡಿದ. ಪಾರ್ಕಿನಲ್ಲಿ ಕಾಲು ಸೋಲುವವರೆಗೆ ಸುತ್ತು ಹೊಡೆದ. ಹೊಸ ದಿಂಬು ತಂದ, ಅದು ಸರಿಹೋಗದೆ ಹಳೆಯದನ್ನೇ ಅಟ್ಟದಿಂದ ಇಳಿಸಿದ. ಡಾಕ್ಟರಮ್ಮ, ಅವನ ಮಗಳಿಗಿಂತ ಚಿಕ್ಕವಳು, ರಕ್ತದೊತ್ತಡ ನೋಡಿ ನಕ್ಕಳು.

"ವಯಸ್ಸಾಯ್ತಲ್ಲ ಅಂಕಲ್. ನಿದ್ದೆ ತೆಳ್ಳಗಾಗೋದು ಸಹಜ."

"ತೆಳ್ಳಗಾದ್ರೆ ಪರವಾಗಿಲ್ಲಮ್ಮಾ. ಹರಿದೇ ಹೋಗಿದೆ."

ಹಗಲಿನಲ್ಲಿ ತಲೆ ಹತ್ತಿ ತುಂಬಿದಂತೆ ಭಾರ. ಅಂಗಡಿಗೆ ಹೋದರೆ ಏನು ತರಲು ಬಂದೆ ಎಂಬುದೇ ಮರೆತುಹೋಗುತ್ತಿತ್ತು. ಜೀವಮಾನವೆಲ್ಲ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲೇ ಹಿಡಿಯುತ್ತಿದ್ದವನು ಈಗ ಅಂಗಿಯ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿಕೊಂಡು ಬೀದಿಗೆ ಇಳಿಯುತ್ತಿದ್ದ. ಸಣ್ಣ ಮಾತಿಗೂ ಸಿಟ್ಟು. ಸಿಟ್ಟು ಇಳಿದ ಮೇಲೆ ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು.

ಅವನ ಹೆಂಡತಿಗೆ ಈ ಕಾಟವೇ ಇರಲಿಲ್ಲ. ಅವಳು ಎರಡು ಬೀದಿ ಆಚೆಯ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಮಧ್ಯಾಹ್ನ ಮಕ್ಕಳನ್ನು ಮಲಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಂಥ ಹಟಮಾರಿ ಕೂಸಾದರೂ ಅವಳು ಬೆನ್ನಿನ ಮೇಲೆ ಕೈಯಿಟ್ಟರೆ ತೆಪ್ಪಗಾಗುತ್ತಿತ್ತು. ಮಕ್ಕಳು ಅವಳಿಗೆ ಜೋಜೋ ಅಜ್ಜಿ ಅಂತಲೇ ಹೆಸರಿಟ್ಟಿದ್ದವು. ದಿನವಿಡೀ ಎತ್ತಿ ಇಳಿಸಿ, ಮೂಗು ಒರೆಸಿ, ಚಡ್ಡಿ ಬದಲಿಸಿ ಮನೆಗೆ ಬಂದವಳು, ಊಟ ಮುಗಿಸಿ ದಿಂಬಿಗೆ ತಲೆಕೊಟ್ಟರೆ ಮುಗಿಯಿತು. ಬೆಳಗಿನವರೆಗೆ ಒಂದೇ ಮಗ್ಗುಲು.

ಮೊದಮೊದಲು ಅವಳನ್ನು ನೋಡಿದರೆ ಮೇಸ್ತ್ರಿಗೆ ಸಮಾಧಾನವಾಗುತ್ತಿತ್ತು. ನನ್ನ ಪಾಲಿನದನ್ನೂ ಇವಳೇ ಮಲಗಲಿ ಅಂದುಕೊಳ್ಳುತ್ತಿದ್ದ. ತಿಂಗಳುಗಳು ಕಳೆದಂತೆ ಸಮಾಧಾನ ಹೊಟ್ಟೆಕಿಚ್ಚಾಯಿತು. ನಾನಿಲ್ಲಿ ಒದ್ದಾಡಿ ಸಾಯುತ್ತಿದ್ದೇನೆ, ಇವಳು ಕೊಪ್ಪರಿಗೆ ಹೊನ್ನು ಸಿಕ್ಕವಳ ಹಾಗೆ ಮಲಗಿದ್ದಾಳಲ್ಲ! ಬೇಕೆಂದೇ ಕೆಮ್ಮತೊಡಗಿದ. ನೀರಿನ ಲೋಟವನ್ನು ಸದ್ದು ಮಾಡಿ ಇಟ್ಟ. ಒಮ್ಮೆ ಕೈಜಾರಿದಂತೆ ಕೆಳಗೇ ಬೀಳಿಸಿದ. ಅವಳು ಮಗ್ಗುಲು ಬದಲಿಸಿದಳು, ಅಷ್ಟೆ. ಕೊನೆಗೊಂದು ರಾತ್ರಿ ಬಾಯಿಬಿಟ್ಟು ಕರೆದ.

"ಇವಳೇ."

"ಹ್ಞಾಂ? ಏನ್ರೀ?"

"ಗ್ಯಾಸ್ ಆಫ್ ಮಾಡಿದ್ಯಾ?"

"ಮಾಡಿದ್ದೀನಿ."

"ಬಾಗಿಲಿಗೆ ಚಿಲಕ?"

"ನೀವೇ ತಾನೇ ಹಾಕಿದ್ದು?" ಅವಳು ಕಣ್ಣುಜ್ಜಿಕೊಂಡು ಅವನ ಕಡೆ ತಿರುಗಿದಳು. "ನಿದ್ದೆ ಬರ್ತಿಲ್ವಾ?"

"ಇಲ್ಲ ಕಣೇ."

"ಪಾಪ" ಅಂದಳು. ಅವನ ತೋಳಿನ ಮೇಲೆ ಕೈಯಿಟ್ಟು ಏನೇನೋ ಮಾತು ತೆಗೆದಳು. ನೀಲಿ ಬಟ್ಟಲಲ್ಲಿ ಕೊಟ್ಟರೆ ಮಾತ್ರ ಹಾಲು ಕುಡಿಯುವ ಹುಡುಗನ ವಿಷಯ, ಹೊಸದಾಗಿ ಮದುವೆಯಾದಾಗ ಇದ್ದ ಬಾಡಿಗೆ ಕೋಣೆಯ ಸೋರುವ ನಲ್ಲಿಯ ವಿಷಯ. ಆ ನಲ್ಲಿಗೆ ಅವನು ಕಾರ್ಖಾನೆಯಲ್ಲಿ ಕದ್ದುಮುಚ್ಚಿ ಒಂದು ಹಿತ್ತಾಳೆ ತಿರುಪು ಕಡೆದು ತಂದಿದ್ದ. ಅವಳ ದನಿ ತಗ್ಗಿದ, ಏರಿಳಿತವಿಲ್ಲದ ದನಿ. ಮಾತು ಎಲ್ಲಿ ಮುಗಿಯಿತೋ ಮೇಸ್ತ್ರಿಗೆ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು.

ಎಷ್ಟು ದಿನಗಳ ಮೇಲೆ ಬಂದ ನಿದ್ದೆ! ಅವನಿಗೆ ಮೈಯೆಲ್ಲ ತೊಳೆದು ಒಣಗಿಸಿದಂತಾಗಿತ್ತು. ಪಾರ್ಕಿನಲ್ಲಿ ಗೆಳೆಯರ ಮುಂದೆ ನಗೆಚಟಾಕಿ ಹಾರಿಸಿದ. ಬರುವಾಗ ತರಕಾರಿ ತಂದ, ಒಂದನ್ನೂ ಮರೆಯದೆ.

ಮರುರಾತ್ರಿ ಮತ್ತೆ ಕರೆದ. ಅದರ ಮರುರಾತ್ರಿಯೂ. ಆಮೇಲೆ ಗ್ಯಾಸು, ಚಿಲಕದ ನೆಪವೂ ಬೇಕಾಗಲಿಲ್ಲ. "ಇವಳೇ, ಏನಾದ್ರೂ ಹೇಳೇ" ಅಂದರೆ ಸಾಕು. ಅವಳು ಹೇಳುತ್ತಿದ್ದಳು, ಇವನು ಮಲಗುತ್ತಿದ್ದ. ಇವನು ಮಲಗಿದ ಮೇಲೆ ಅವಳಿಗೆ ಏನಾಗುತ್ತದೆ ಎಂದು ಅವನು ಕೇಳಲಿಲ್ಲ. ಅವಳಿಗೆ ನಿದ್ದೆ ಬರುವುದು ಉಸಿರಾಡಿದಷ್ಟು ಸಲೀಸು ಎಂದು ಅವನು ನಂಬಿಬಿಟ್ಟಿದ್ದ. ನಿಜವಾಗಿ ಆಗುತ್ತಿದ್ದುದು ಬೇರೆ. ಮಾತು ನಿಲ್ಲಿಸಿದ ಮೇಲೆ ಅವಳ ಕಣ್ಣು ಮುಚ್ಚುತ್ತಿರಲಿಲ್ಲ. ಗೋಡೆಯ ಮೇಲೆ ಹಾದುಹೋಗುವ ಗಾಡಿಗಳ ಬೆಳಕನ್ನು ನೋಡುತ್ತಾ, ಪಕ್ಕದಲ್ಲಿ ಗಂಡನ ಗೊರಕೆ ಕೇಳುತ್ತಾ ಬಿದ್ದಿರುತ್ತಿದ್ದಳು. ಪಾಪ, ಮಲಗಲಿ ಅಂದುಕೊಳ್ಳುತ್ತಿದ್ದಳು. ಅವಳಿಗೂ ಅರವತ್ತು ದಾಟಿತ್ತು. ಒಮ್ಮೆ ಕಡಿದ ದಾರವನ್ನು ಮತ್ತೆ ಸೂಜಿಗೆ ಪೋಣಿಸುವ ವಯಸ್ಸು ಅದಲ್ಲ.

ಬೆಳಗ್ಗೆ ಅವಳು ಒಲೆಯ ಮುಂದೆ ನಿಂತು ಹಾಲು ಉಕ್ಕಿಸುವುದು ಹೆಚ್ಚಾಯಿತು. ಒಂದು ದಿನ ಶಿಶುವಿಹಾರಕ್ಕೆ ಹೋಗುವಾಗ ಬಲಗಾಲಿನ ಚಪ್ಪಲಿ ಒಂದು ಜೊತೆಯದು, ಎಡಗಾಲಿನದು ಇನ್ನೊಂದು ಜೊತೆಯದು. ಮೇಸ್ತ್ರಿ ನೋಡಿ ನಕ್ಕ. "ಏನೇ ಇದು, ವಯಸ್ಸಾಯ್ತು ನಿನಗೆ" ಅಂದ.

ಆ ದಿನ ಮಧ್ಯಾಹ್ನ ಶಿಶುವಿಹಾರದಲ್ಲಿ ಎಂದಿನಂತೆ ಪರದೆ ಎಳೆದು, ಚಾಪೆಗಳ ಮೇಲೆ ಮಕ್ಕಳನ್ನು ಸಾಲಾಗಿ ಮಲಗಿಸಿದ್ದರು. ಶಿಶುವಿಹಾರ ನಡೆಸುವ ಮೇಡಂ ಹಿಂದಿನ ಕೋಣೆಯಲ್ಲಿ ಫೋನಿನಲ್ಲಿದ್ದಳು. ನೆಗಡಿಯಾದ ಒಂದು ಕೂಸು ಕೊಸರಾಡುತ್ತಿತ್ತು. ಜೋಜೋ ಅಜ್ಜಿ ಗೋಡೆಗೆ ಒರಗಿ ಕೂತು, ಅದನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಳು. ಕೂಸಿನ ಉಸಿರು ನಿಧಾನವಾಯಿತು. ಸುತ್ತಲೂ ಅಷ್ಟು ಮಕ್ಕಳ ಉಸಿರು, ಅರೆಗತ್ತಲೆ, ತಿರುಗುವ ಫ್ಯಾನು. ತಟ್ಟುವ ಕೈ ನಿಂತಿತು.

ಅವಳಿಗೆ ಎಚ್ಚರವಾದದ್ದು ಬಾಗಿಲಲ್ಲಿ ಗಂಡಸಿನ ದನಿ ಕೇಳಿ.

"ಯಾರ್ರೀ ಒಳಗೆ? ಈ ಮಗು ನಿಮ್ಮದಾ?"

ಬೀದಿ ತಿರುವಿನಲ್ಲಿ ಬೀಗದ ಕೈ ಮಾಡುವವನು ಒಂದು ಹೆಣ್ಣುಮಗುವನ್ನು ಎತ್ತಿಕೊಂಡು ನಿಂತಿದ್ದ. ಮೂರು ವರ್ಷದ ಕೂಸು, ಒಂದೇ ಕಾಲಿಗೆ ಶೂ. ನೀರಿನ ಕ್ಯಾನು ತಂದವನು ಗೇಟು ಹಾಕದೆ ಹೋಗಿದ್ದ. ಮಗು ಎದ್ದು, ತನ್ನ ಶೂ ಹುಡುಕಿ, ಒಂದನ್ನು ಹಾಕಿಕೊಂಡು, ಯಾರನ್ನೂ ಎಬ್ಬಿಸದೆ ಹೊರಟುಬಿಟ್ಟಿತ್ತು. ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತು ಆಚೆ ಬದಿಯ ನಾಯಿಮರಿಯನ್ನು ಕರೆಯುತ್ತಿತ್ತಂತೆ.

"ಲಾರಿ ಬರ್ತಿತ್ತಮ್ಮಾ" ಅಂದ ಅವನು. "ನಾನು ನೋಡ್ದೇ ಇದ್ದಿದ್ರೆ..."

ಮಗು ಮಾತ್ರ ನಗುತ್ತಾ "ಜೋಜೋ ಅಜ್ಜಿ ತಾಚಿ ಮಾಡ್ತಿದ್ರು" ಅಂತು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಮೇಡಂ ಅವಳನ್ನು ಕೂರಿಸಿಕೊಂಡಳು. "ಅಜ್ಜಿ, ನಿಮಗೆ ಹುಷಾರಿಲ್ವಾ?"

"ನಿದ್ದೆ ಸಾಲ್ತಿಲ್ಲ ಮೇಡಂ."

"ಯಾಕೆ?"

ಗಂಡ ಮಲಗಲು ಬಿಡುವುದಿಲ್ಲ ಎಂದು ಈ ವಯಸ್ಸಿನಲ್ಲಿ ಹೇಗೆ ಹೇಳುವುದು? "ವಯಸ್ಸಾಯ್ತಲ್ಲ" ಅಂದಳು.

ಮೇಡಂ ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಉರುಳಿಸಿದಳು. "ಮಗುವಿನ ತಾಯಿ ಬಂದಿದ್ರು. ಕಿರುಚಲಿಲ್ಲ, ಏನಿಲ್ಲ. ಸುಮ್ನೆ ಅತ್ತುಬಿಟ್ರು. ಅಜ್ಜಿ, ನಾನು ಹೇಗೆ ಹೇಳ್ಲಿ..."

"ಹೇಳಬೇಡಿ ಬಿಡಿ. ನಾನೇ ಆಗಿದ್ರೂ ನನ್ನ ಮಗೂನ ನನ್ನ ಕೈಗೆ ಕೊಡ್ತಿರಲಿಲ್ಲ."

ಚಾಪೆಗಳನ್ನೆಲ್ಲ ಸುತ್ತಿ ಮೂಲೆಗೆ ನಿಲ್ಲಿಸಿ ಅವಳು ಹೊರಟಳು. ಬೀಗದವನ ಎದುರು ಹಾಯಲಾರದೆ ಹಿಂದಿನ ಗಲ್ಲಿಯಿಂದ ಮನೆಗೆ ಬಂದಳು.

"ಕೆಲಸ ಬಿಟ್ಟೆ" ಅಂದಳು ಗಂಡನಿಗೆ.

"ಒಳ್ಳೇದೇ ಆಯ್ತು ಬಿಡು" ಅಂದ ಮೇಸ್ತ್ರಿ. "ಎಷ್ಟು ದಿನ ಅಂತ ದುಡೀತೀಯ? ಮನೇಲಿದ್ರೆ ಮಧ್ಯಾಹ್ನ ಒಂದು ನಿದ್ದೆ ತೆಗೀಬಹುದು." ಯಾಕೆ ಎಂದು ಕೇಳಲಿಲ್ಲ. ಒಳಗೊಳಗೇ ಅವನಿಗೆ ಹಿತವಾಗಿತ್ತು.

ಆ ರಾತ್ರಿಯೂ ಕರೆದ. "ಇವಳೇ, ಏನಾದ್ರೂ ಹೇಳೇ."

ಅವಳು ಎಚ್ಚರವಾಗಿಯೇ ಇದ್ದಳು. ಹೇಳತೊಡಗಿದಳು. ನೆಗಡಿಯಾದ ಕೂಸಿನಿಂದ ಶುರುಮಾಡಿದಳು. ಫ್ಯಾನು ತಿರುಗುತ್ತಿತ್ತು ರೀ, ಅಂದಳು. ಕಣ್ಣು ಯಾವಾಗ ಮುಚ್ಚಿತೋ ನನಗೇ ಗೊತ್ತಿಲ್ಲ. ಬೀಗದವನ ತೋಳಲ್ಲಿ ಮಗು ನೋಡಿದಾಗ ಇದು ಯಾರ ಮಗು ಅಂದುಕೊಂಡೆ. ನಮ್ಮದೇ ರೀ. ಒಂದು ಕಾಲಲ್ಲಿ ಶೂ ಇರಲಿಲ್ಲ. ನಾನು ಇಷ್ಟು ವರ್ಷ ಎಷ್ಟು ಮಕ್ಕಳನ್ನ... ಅವಳು ಅವನ ಕೈ ಹಿಡಿಯಲು ಕತ್ತಲಲ್ಲಿ ತಡಕಿದಳು. ಕೈ ಸಿಕ್ಕಿತು. ಸಡಿಲವಾಗಿ, ಬೆಚ್ಚಗೆ, ಬೆರಳು ಬಿಡಿಸಿಕೊಂಡು ಬಿದ್ದಿತ್ತು. ಗೊರಕೆ ಶುರುವಾಗಿತ್ತು.

ಅವಳು ಎದ್ದು ಕೂತಳು. ಅವನನ್ನು ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ. ಮಲಗಿದವರನ್ನು ಎಬ್ಬಿಸಿ ಅವಳಿಗೆ ಅಭ್ಯಾಸವಿರಲಿಲ್ಲ.

ಬೆಳಗ್ಗೆ ಮೇಸ್ತ್ರಿ ಆಕಳಿಸುತ್ತಾ ಹೊರಗೆ ಬಂದಾಗ ಅವಳು ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದಳು.

"ಎಲ್ಲಿಗೆ ಹೊರಟೆ?"

"ಮಗಳ ಮನೆಗೆ."

"ಏನು ಇದ್ದಕ್ಕಿದ್ದ ಹಾಗೆ? ಏನು ವಿಶೇಷ?"

"ಮಲಗೋಕೆ" ಅಂದಳು.

ಮಗಳ ಮನೆ ಅದೇ ಊರಿನ ಇನ್ನೊಂದು ತುದಿಯಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಹೈಸ್ಕೂಲಿಗೆ ಹೋಗುವ ಒಬ್ಬಳೇ ಮಗಳು. ನಾಲ್ಕು ದಿನ ಇದ್ದು ಬರುತ್ತಾಳೆ ಎಂದುಕೊಂಡಿದ್ದ ಮೇಸ್ತ್ರಿ. ಬರಲಿಲ್ಲ. ಫೋನು ಮಾಡಿದರೆ "ಅಮ್ಮ ಮಲಗಿದ್ದಾಳೆ" ಎಂದು ಮಗಳು ಇಟ್ಟುಬಿಡುತ್ತಿದ್ದಳು. ಅವನ ನಿದ್ದೆ ಅವಳ ಚೀಲದ ಜೊತೆಗೇ ಹೋದಂತಾಯಿತು. ಯಾರದಾದರೂ ದನಿಯಿದ್ದರೆ ಸಾಕೇನೋ ಎಂದು ರೇಡಿಯೋ ಸಣ್ಣಗೆ ಹಚ್ಚಿಟ್ಟು ನೋಡಿದ. ಅಪರಿಚಿತ ಗಂಡಸೊಬ್ಬ ಹಾಸಿಗೆಯ ಪಕ್ಕ ಕೂತು ಜಾಹೀರಾತು ಓದಿದ ಹಾಗಾಗುತ್ತಿತ್ತು. ಹಗಲು ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿ, ಅನ್ನದ ಮೇಲೆ ಹಣೆ ತಾಗಿ ಎಚ್ಚರವಾದದ್ದೂ ಉಂಟು.

ಒಂದು ಭಾನುವಾರ ಮಗಳು ಬಂದಳು. ಅಮ್ಮನ ಸ್ವೆಟರು, ಕನ್ನಡಕದ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಪ್ಪನ ಮುಖ ನೋಡಲಿಲ್ಲ.

"ಯಾಕಮ್ಮ ಹೀಗೆ? ನಾನೇನು ತಪ್ಪು ಮಾಡಿದೆ?"

"ನಿಮಗೆ ಗೊತ್ತೇ ಇಲ್ವಾ ಅಪ್ಪ?" ಮಗಳು ಕೈಲಿದ್ದುದನ್ನು ಕೆಳಗಿಟ್ಟಳು. ಶಿಶುವಿಹಾರದಲ್ಲಿ ಆದದ್ದನ್ನು ಹೇಳಿದಳು. ಲಾರಿ, ಒಂಟಿ ಶೂ, ಬೀಗದವನು. "ಇದನ್ನೆಲ್ಲ ಅಮ್ಮ ನಿಮಗೆ ಹೇಳ್ತಾ ಇದ್ಲು. ಬೇರೆ ಯಾರಿಗೂ ಹೇಳಿರಲಿಲ್ಲ, ನಿಮಗೇ ಮೊದಲು. ನೀವು ಗೊರಕೆ ಹೊಡೀತಿದ್ರಂತೆ."

ಮೇಸ್ತ್ರಿ ಮಂಚದ ಮೇಲೆ ಕೂತ.

"ನಿಮಗೆ ನಿದ್ದೆ ಬರದಿದ್ರೆ ಎದ್ದು ಕೂತ್ಕೋಬೇಕಿತ್ತು. ಆಚೆ ಕೋಣೆಗೆ ಹೋಗಬೇಕಿತ್ತು. ಒಬ್ಬ ಮನುಷ್ಯ ಹೊಟ್ಟೆ ಹಸಿದರೆ ಪಕ್ಕದವರ ತಟ್ಟೇಲಿ ಕೈ ಹಾಕ್ತಾನಾ? ಅದೂ ದಿನಾ?"

"ಅವಳಿಗೆ ಮತ್ತೆ ಬರುತ್ತೆ ಅಂದ್ಕೊಂಡಿದ್ದೆ ಕಣಮ್ಮಾ."

"ಕೇಳಿದ್ರಾ?"

ಮಗಳು ಹೋದ ಮೇಲೆ ಅವನು ಬಹಳ ಹೊತ್ತು ಹಾಗೇ ಕೂತಿದ್ದ. ನಾಚಿಕೆ ಎನ್ನುವುದು ಮೈಗೆ ಜ್ವರದ ಹಾಗೆ ಏರುತ್ತದೆ ಎಂದು ಅವನಿಗೆ ಅಂದು ತಿಳಿಯಿತು.

ಮರುದಿನ ಸ್ನಾನ ಮಾಡಿ, ಗುಂಡಿಗಳನ್ನು ಎರಡೆರಡು ಸಲ ನೋಡಿಕೊಂಡು, ಮಗಳ ಮನೆಗೆ ಹೋದ. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ ಹೋಗಿದ್ದರು. ಹೆಂಡತಿ ಬಾಲ್ಕನಿಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಇಷ್ಟು ದಿನ ಹೊಟ್ಟೆ ತುಂಬ ಮಲಗಿ ಮುಖದಲ್ಲಿ ಕಳೆ ಬಂದಿರಬಹುದು ಎಂದುಕೊಂಡು ಹೋಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಕಣ್ಣ ಕೆಳಗೆ ಬೆರಳಿನಲ್ಲಿ ಮಸಿ ಹಚ್ಚಿದ ಹಾಗಿತ್ತು. ಸಿಪ್ಪೆಯನ್ನು ಬಟ್ಟಲಿಗೆ ಹಾಕಿ ಕಾಳನ್ನು ಕಸದ ಚೀಲಕ್ಕೆ ಹಾಕುತ್ತಿದ್ದಳು.

ಅವನು ಪಕ್ಕದಲ್ಲಿ ಕೂತು ಚೀಲದಿಂದ ಕಾಳುಗಳನ್ನು ಆರಿಸಿ ಬಟ್ಟಲಿಗೆ ಹಾಕಿದ.

"ತಪ್ಪಾಯ್ತು ಕಣೇ."

"ಹ್ಞೂಂ."

"ಬಯ್ಯಿ ನನ್ನ."

"ಬಯ್ಯೋಕೂ ತ್ರಾಣ ಇಲ್ಲ ರೀ."

"ಇಲ್ಲಿ ಯಾರೂ ಎಬ್ಬಿಸಲ್ವಲ್ಲ. ಆದ್ರೂ ಯಾಕೆ ಹೀಗಾಗಿದ್ದೀಯ?"

ಅವಳು ರಸ್ತೆಯ ಕಡೆ ನೋಡಿದಳು. "ಬಂದ ಮೊದಲನೇ ರಾತ್ರಿ ಮಲಗಿದ್ದೆ. ನೀವು ಕರೆಯೋ ಹೊತ್ತಿಗೆ ಸರಿಯಾಗಿ ಎಚ್ಚರ ಆಯ್ತು. ಇಲ್ಲಿ ನೀವಿಲ್ಲ, ಕರೆಯಲ್ಲ ಅಂತ ಗೊತ್ತು. ಆದ್ರೂ ಕಾದೆ. ಬೆಳಗಾಯ್ತು. ಅವತ್ತಿಂದ ಮಲಗೋಕೇ ಭಯ. ಕಣ್ಣು ಮುಚ್ಚಿದ್ರೆ ಆ ಮಗು ಗೇಟು ದಾಟುತ್ತೆ."

"ಫೋನು ಮಾಡಿದಾಗ ಮಲಗಿದ್ದೀಯ ಅಂತಿದ್ಲಲ್ಲ?"

"ಕಣ್ಣು ಮುಚ್ಚಿಕೊಂಡಿರ್ತೀನಿ. ಅವಳಿಗೆ ಸಮಾಧಾನ ಆಗಲಿ ಅಂತ."

ಅವನು ಮತ್ತೆ ಚೀಲಕ್ಕೆ ಕೈ ಹಾಕಿದ. ಕಾಳು ಆರಿಸಿದ.

ಅವಳು ಮನೆಗೆ ಮರಳಿದ್ದು ಗಂಡನ ಮೇಲಿನ ಕನಿಕರದಿಂದಲ್ಲ, ಮೊಮ್ಮಗಳ ಸಲುವಾಗಿ. ಅಜ್ಜಿ ಮೊಮ್ಮಗಳು ಒಂದೇ ಕೋಣೆ. ಅಜ್ಜಿ ಮಗ್ಗುಲು ಬದಲಿಸಿದರೆ, ನೀರಿಗೆ ಎದ್ದರೆ, ಹುಡುಗಿಯೂ ಏಳುತ್ತಿದ್ದಳು. ಎದ್ದವಳು "ಅಜ್ಜಿ, ಕಾಲು ಒತ್ತಲಾ?" ಎಂದು ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಒಳ್ಳೆಯ ಹುಡುಗಿ. ಒಂದು ದಿನ ಪರೀಕ್ಷೆಯಲ್ಲಿ ಅರ್ಧ ಬರೆದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳೆಂದು ಸ್ಕೂಲಿನಿಂದ ಫೋನು ಬಂತು. ಅಂದು ಸಂಜೆಯೇ ಅಜ್ಜಿ ಚೀಲ ಕಟ್ಟಿದಳು. ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. "ಇನ್ನೊಬ್ಬರ ನಿದ್ದೆ ನಾನು ತಿನ್ನಲ್ಲ" ಅಂದಳು.

ಮನೆಗೆ ಬಂದು ಒಂದೇ ಷರತ್ತು ಹಾಕಿದಳು. "ನೀವು ಮುಂದಿನ ಕೋಣೇಲಿ. ನಾನು ಒಳಗೆ. ಕರೀಬಾರದು."

ಮೇಸ್ತ್ರಿ ಕರೆಯಲಿಲ್ಲ. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದ. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿದ. ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟ, ನಲ್ಲಿಯ ವಾಷರು ಬದಲಿಸಿದ, ಗಡಿಯಾರವನ್ನು ಗೋಡೆಯಿಂದ ಇಳಿಸಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ ಮಾಡಿಟ್ಟ. ಆ ನಿಶ್ಶಬ್ದದಲ್ಲಿ ಒಳಕೋಣೆಯಿಂದ ಅವಳ ಬಳೆಯ ಸದ್ದು ಕೇಳುತ್ತಿತ್ತು, ಹೊತ್ತು ಹೊತ್ತಿಗೆ. ಅವಳು ಮಲಗಿಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತು.

ಡಾಕ್ಟರಮ್ಮನ ಬಳಿ ಇಬ್ಬರೂ ಹೋದರು. ಅವಳು ಈ ಸಲ ನಗಲಿಲ್ಲ. ಮಾತ್ರೆ ಬರೆದುಕೊಟ್ಟಳು. ಮಾತ್ರೆ ನುಂಗಿದ ಹೆಂಡತಿ ಮಲಗಿದಳೇನೋ ನಿಜ. ಬಾವಿಗೆ ಬಿದ್ದ ಕಲ್ಲಿನ ಹಾಗೆ. ಆದರೆ ಬೆಳಗ್ಗೆ ಬಚ್ಚಲಿಗೆ ಹೋಗುವಾಗ ತೂರಾಡಿ ಗೋಡೆಗೆ ಹಣೆ ಜಜ್ಜಿಕೊಂಡಳು. ಮಧ್ಯಾಹ್ನದವರೆಗೆ ಗಂಡನ ಹೆಸರೂ ನೆನಪಾಗಲಿಲ್ಲ. ಅರ್ಧ ಮಾತ್ರೆಯಿಂದ ಏನೂ ಆಗಲಿಲ್ಲ. ಮಾತ್ರೆ ನಿಂತಿತು. "ಹಗಲು ಮಲಗಬೇಡಿ, ಬಿಸಿಲಲ್ಲಿ ನಡೀರಿ, ಸಮಯ ಹಿಡಿಯುತ್ತೆ" ಎಂದು ಡಾಕ್ಟರಮ್ಮ ಹೇಳಿದಳು. ಇಬ್ಬರೂ ನಡೆದರು. ಶಿಶುವಿಹಾರದ ಬೀದಿಯನ್ನು ಬಿಟ್ಟು, ಬಳಸಿ, ಪಾರ್ಕಿಗೆ ಹೋಗಿ ಬಂದರು. ದಾರಿಯಲ್ಲಿ ಅವಳು ಯಾವ ಮಗುವನ್ನೂ ನೋಡುತ್ತಿರಲಿಲ್ಲ. ತಿಂಗಳುಗಳಾದವು. ಸಮಯ ಹಿಡಿಯಿತು, ನಿದ್ದೆ ಹಿಡಿಯಲಿಲ್ಲ.

ಈಗ ಅವರ ಮನೆಯಲ್ಲಿ ಕಷ್ಟದ ಹೊತ್ತೆಂದರೆ ಊಟ ಮುಗಿದ ಮೇಲಿನದು. ಬೇರೆಯವರಿಗೆ ಅದು ದಿನದ ಭಾರ ಇಳಿಸುವ ಹೊತ್ತು. ಈ ರಾತ್ರಿಯೂ ಅವಳು ಪಾತ್ರೆ ತೊಳೆದಿಟ್ಟಳು. ಒಲೆ ಒರೆಸಿದಳು. ಒರೆಸಿದ ಒಲೆಯನ್ನೇ ಮತ್ತೊಮ್ಮೆ ಒರೆಸಿದಳು. ಮೇಸ್ತ್ರಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಹಾಸಿಗೆಗೆ ಹೋಗುವುದನ್ನು ಮುಂದಕ್ಕೆ ತಳ್ಳುವ ಕೆಲಸಗಳು ಇವು, ಅವನಿಗೆ ಚೆನ್ನಾಗಿ ಗೊತ್ತು.

"ಸಾಕು ಬಿಡೇ. ಪಳಪಳ ಅಂತಿದೆ."

"ಇರಲಿ ರೀ."

ಎದುರು ಮನೆಯ ಕಿಟಕಿಯಲ್ಲಿ ದೀಪ ಆರಿತು. ಅದರ ಪಕ್ಕದ್ದೂ ಆರಿತು. ಬೀದಿಯಲ್ಲಿ ಯಾರೋ ಗೇಟು ಎಳೆದುಕೊಂಡರು. ಮಲಗೋಣ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೇಲಿನ ಹಲಗೆಯ ಕಡೆ ನೋಡಿದಳು.

"ಆ ಡಬ್ಬಿಗಳನ್ನೂ ಒಂದ್ಸಲ ತೊಳೆದುಬಿಡೋಣ. ಜಿಡ್ಡಾಗಿವೆ."

ಜಿಡ್ಡೇನೂ ಆಗಿರಲಿಲ್ಲ. ಹಿಂದಿನ ವಾರವಷ್ಟೇ ತೊಳೆದಿದ್ದಳು. ಮೇಸ್ತ್ರಿ ಎದ್ದು ಸ್ಟೂಲನ್ನು ಗೋಡೆಗೆ ಸರಿಸಿ, ಅದರ ಮೇಲೆ ಹತ್ತಿ, ಒಂದೊಂದೇ ಡಬ್ಬಿಯನ್ನು ಇಳಿಸಿ ಅವಳ ಕೈಗೆ ಕೊಡತೊಡಗಿದ.